ಪರಭಾಷೆಯಲ್ಲಿ ಸ್ವಪರಿಚಯ

ಫ್ರೆಂಚು ಭಾಷೆಯನ್ನು ಹೊಸದಾಗಿ ಕಲಿಯತೊಡಗಿದವರಿಗೆ ಮೊದಲನೆಯ ವಾರದಲ್ಲಿಯೇ ಒಂದು ಪ್ರಶ್ನೆಯು ಎದುರಾಗುತ್ತದೆ: 'ನೀವು ಯಾರು?' ನಮ್ಮ ಉಪನಿಷತ್ತುಗಳ ಶಿಷ್ಯನು ವರ್ಷಗಟ್ಟಲೆ ಗುರುಕುಲದಲ್ಲಿದ್ದು, ಸಮಿತ್ತುಗಳನ್ನು ಹೊತ್ತು, ಹಸುಗಳನ್ನು ಕಾಯ್ದು, ಚಿತ್ತವು ಹದಗೊಂಡ ಮೇಲೆ ಎದುರಿಸುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಅಕ್ಷರಮಾಲೆಯು ಬಾಯಿಗೆ ಹತ್ತುವ ಮೊದಲೇ ಕೇಳಿಬಿಡುತ್ತಾರೆ. ಉತ್ತರಕ್ಕಾಗಿ ಕಣ್ಣು ಮುಚ್ಚಿ ಧ್ಯಾನಿಸಬೇಕಾದುದೂ ಇಲ್ಲ. ಹೆಸರು, ವಯಸ್ಸು, ಊರು, ಉದ್ಯೋಗ, ಮದುವೆಯಾಗಿದೆಯೇ ಇಲ್ಲವೇ, ಯಾವುದು ಇಷ್ಟ, ಯಾವುದು ಇಷ್ಟವಿಲ್ಲ, ಇಷ್ಟನ್ನು ಎಂಟು ಹತ್ತು ವಾಕ್ಯಗಳಲ್ಲಿ ಒಪ್ಪಿಸಿದರೆ 'ನಾನು ಯಾರು' ಎಂಬುದು ತೀರಿತು. ಗುರುವು ತಲೆದೂಗಿ ಮುಂದಿನವರ ಕಡೆಗೆ ತಿರುಗುವನು.

ಇದರಲ್ಲಿ ನಗತಕ್ಕ ಅಂಶವು ಇಲ್ಲದಿಲ್ಲ. ಆದರೆ ನಕ್ಕು ಮುಗಿಸಿಬಿಡತಕ್ಕ ವಿಷಯವೂ ಇದಲ್ಲ. ಓದುಗರು ಒಂದು ಸಂದರ್ಭವನ್ನು ಭಾವಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ವಾಸವಾಗಿರುವ ಐವತ್ತೆಂಟು ವರ್ಷದ ತಾಯಿಯೊಬ್ಬಳು. ಮಗಳು ಫ್ರಾನ್ಸಿನ ಲಿಯೋನ್ ನಗರದಲ್ಲಿ ಉದ್ಯೋಗದಲ್ಲಿದ್ದು ಅಲ್ಲಿಯವನನ್ನೇ ವರಿಸಿದ್ದಾಳೆ. ನಾಲ್ಕು ವರ್ಷದ ಮೊಮ್ಮಗನಿಗೆ 'ಅಜ್ಜಿ', 'ಬಾ', 'ಬೇಡ' ಎಂಬ ಮೂರು ಕನ್ನಡ ಮಾತುಗಳನ್ನು ಬಿಟ್ಟರೆ ಉಳಿದುದೆಲ್ಲವೂ ಫ್ರೆಂಚೇ. ಭಾನುವಾರಗಳಲ್ಲಿ ಫೋನಿನ ಪರದೆಯ ಮೇಲೆ ಮುಖವು ಕಾಣುತ್ತದೆ, ನಗುವು ಕಾಣುತ್ತದೆ. ಮಾತು ಮಾತ್ರ ಸಾಗದು. ಆದುದರಿಂದ ಆ ತಾಯಿಯು ಈ ವಯಸ್ಸಿನಲ್ಲಿ ಪುಸ್ತಕವನ್ನು ಕೊಂಡು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ನಡುವೆ ಸಂಜೆಯ ತರಗತಿಯಲ್ಲಿ ಕುಳಿತಳು. ಪುಸ್ತಕದ ಆ ಪುಟದಲ್ಲಿ ಕೊಟ್ಟಿದ್ದುದು ಎರಡೇ ಮಾತು: ಅವಿವಾಹಿತ, ವಿವಾಹಿತ. ತನ್ನ ಸರದಿ ಬಂದಾಗ ಆಕೆಯು 'ಜ ಸ್ವಿ ಮರಿಯೇ', ಎಂದರೆ 'ನಾನು ಮದುವೆಯಾದವಳು' ಎಂದಳು. ಉಚ್ಚಾರಣೆ ಸರಿ, ವ್ಯಾಕರಣ ಸರಿ; ಗುರುವು ಮೆಚ್ಚಿದನು. ಆಕೆಯ ಯಜಮಾನರು ತೀರಿಕೊಂಡು ಮೂರು ವರ್ಷಗಳಾಗಿದ್ದುವು. ಅಂದು ರಾತ್ರಿ ಆಕೆಗೆ ಊಟ ಸೇರಲಿಲ್ಲ.

ಆಕೆಯು ಹೇಳಿದುದು ಸುಳ್ಳೇ? ಸುಳ್ಳಾದರೆ ಯಾರಿಗೆ ಹೇಳಿದ ಸುಳ್ಳು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಮುನ್ನ ಆ ಹತ್ತು ವಾಕ್ಯಗಳ ಸ್ವರೂಪವನ್ನು ಸ್ವಲ್ಪ ನೋಡುವುದು ಲೇಸು. ಮನುಷ್ಯನು ತನ್ನನ್ನು ಕುರಿತು ಏನು ಹೇಳಬಲ್ಲನೆಂಬುದನ್ನು ಅವನ ಮನಸ್ಸು ಎಷ್ಟರಮಟ್ಟಿಗೆ ನಿಶ್ಚಯಿಸುವುದೋ, ಅಷ್ಟರಮಟ್ಟಿಗೆ ಅವನ ಕೈಗೆ ಸಿಕ್ಕಿದ ವ್ಯಾಕರಣವೂ ನಿಶ್ಚಯಿಸುತ್ತದೆ.

ಮೊದಲನೆಯದು ಹೆಸರು. ಕನ್ನಡಿಗನು 'ನನ್ನ ಹೆಸರು ಇಂತಹುದು' ಎನ್ನುತ್ತಾನೆ. ಫ್ರೆಂಚರು 'ಜ ಮಾಪೆಲ್' ಎನ್ನುತ್ತಾರೆ. ಅದರ ಅಕ್ಷರಾರ್ಥವು 'ನಾನು ನನ್ನನ್ನು ಹೀಗೆ ಕರೆದುಕೊಳ್ಳುತ್ತೇನೆ' ಎಂದು. (ಈ ಜಕಾರವು ನಮ್ಮ ಜಕಾರಕ್ಕಿಂತ ಮೆತ್ತಗಿನದು, ನಮ್ಮ ಲಿಪಿಯಲ್ಲಿ ಅದಕ್ಕೆ ತಕ್ಕ ಅಕ್ಷರವಿಲ್ಲ.) ಹೆಸರನ್ನು ಇಟ್ಟವರು ತಂದೆತಾಯಿಗಳು, ಕರೆಯತಕ್ಕವರು ಮನೆಯವರು ನೆರೆಯವರು, ತನ್ನ ಹೆಸರನ್ನು ಎಲ್ಲರಿಗಿಂತ ಕಡಿಮೆ ಉಪಯೋಗಿಸುವವನು ಆ ಹೆಸರುಳ್ಳವನೇ. ಆದರೂ ಆ ಭಾಷೆಯಲ್ಲಿ ಕರೆಯುವವನೂ ಕರೆಯಿಸಿಕೊಳ್ಳುವವನೂ ತಾನೇ ಆಗಿ ನಿಲ್ಲಬೇಕಾಗಿದೆ.

ವಯಸ್ಸಿನ ವಿಷಯವು ಇದಕ್ಕಿಂತ ಸ್ವಾರಸ್ಯವಾದುದು. 'ನನಗೆ ಐವತ್ತೆಂಟು ವರ್ಷ' ಎಂದು ನಾವು ಚತುರ್ಥೀವಿಭಕ್ತಿಯನ್ನು ಹಚ್ಚಿ ಹೇಳುತ್ತೇವೆ. ಹಸಿವಾಗುವುದೂ ನನಗೆ, ಜ್ವರ ಬರುವುದೂ ನನಗೆ; ಹಾಗೆಯೇ ವಯಸ್ಸು ಎಂಬುದು ಹೊರಗಿನಿಂದ ಬಂದು ನನ್ನ ಮೇಲೆ ಕುಳಿತ ಸಂಗತಿ. ಫ್ರೆಂಚರು 'ಜೇ' ಎನ್ನುವರು: 'ನಾನು ಐವತ್ತೆಂಟು ವರ್ಷಗಳನ್ನು ಹೊಂದಿದ್ದೇನೆ.' ಹಸಿವನ್ನೂ ಬಾಯಾರಿಕೆಯನ್ನೂ ಅವರು ಹೊಂದಿಯೇ ಇರುತ್ತಾರೆ. ಕಳೆದುಹೋದ ವರ್ಷಗಳನ್ನು ಯಾರಾದರೂ ಹೊಂದಿರುವುದುಂಟೇ ಎಂದು ತರ್ಕಶಾಸ್ತ್ರವನ್ನು ಓದಿದವನು ಆಕ್ಷೇಪಿಸಬಹುದು. ಆದರೆ ಕೈಯಿಂದ ಜಾರಿಹೋದುದೇ ಮನುಷ್ಯನ ಗಟ್ಟಿಯಾದ ಆಸ್ತಿಯೆಂದು ಅನುಭವಿಗಳು ಹೇಳುವುದೂ ಉಂಟಷ್ಟೆ. ಇನ್ನು ಎಣಿಕೆಯ ಕಷ್ಟವು ಮುದುಕರ ಪಾಲಿಗೇ ಮೀಸಲಾಗಿದೆ. ಅರವತ್ತೊಂಬತ್ತರವರೆಗೆ ಲೆಕ್ಕವು ಸುಗಮ. ಎಪ್ಪತ್ತಕ್ಕೆ 'ಅರವತ್ತು-ಹತ್ತು', ಎಪ್ಪತ್ತೈದಕ್ಕೆ 'ಅರವತ್ತು-ಹದಿನೈದು', ಎಂಬತ್ತಕ್ಕೆ 'ನಾಲ್ಕು-ಇಪ್ಪತ್ತು'. ತೊಂಬತ್ತೇಳಾದವರು 'ನಾಲ್ಕು-ಇಪ್ಪತ್ತು-ಹತ್ತು-ಏಳು' ಎಂದು ಕೂಡಿಸಿ ಗುಣಿಸಿ ಹೇಳಬೇಕು. ಬೆಲ್ಜಿಯಮ್ಮಿನವರೂ ಸ್ವಿಟ್ಜರ್ಲೆಂಡಿನ ಫ್ರೆಂಚು ಮಾತಿನವರೂ ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆ ಒಂಟಿಪದಗಳನ್ನು ಇಟ್ಟುಕೊಂಡು ವೃದ್ಧರಿಗೆ ಈ ಉಪಕಾರವನ್ನು ಮಾಡಿದ್ದಾರೆ.

ಉದ್ಯೋಗದ ವಾಕ್ಯವು 'ಜ ಸ್ವಿ' ಎಂದು ಪ್ರಾರಂಭವಾಗುತ್ತದೆ. 'ನಾನು ಆಗಿದ್ದೇನೆ' ಎಂದರ್ಥ. ವೈದ್ಯನು 'ನಾನು ವೈದ್ಯ' ಎನ್ನುವಾಗ, ಬೇರೆಡೆಗಳಲ್ಲಿ ನಾಮಪದದ ಮುಂದೆ ತಪ್ಪದೆ ಬರುವ 'ಒಬ್ಬ' ಎಂಬಂತಹ ಸಣ್ಣ ಮಾತು ಅಲ್ಲಿ ಬಿಟ್ಟುಹೋಗುತ್ತದೆ. ಉದ್ಯೋಗವು ವಿಶೇಷಣದಂತೆ ಮೈಗೆ ಅಂಟುತ್ತದೆ. ಎತ್ತರದವನು, ಕುಳ್ಳನು, ವೈದ್ಯನು ಎಂದಂತೆ. ನಿವೃತ್ತನಾದ ಉಪಾಧ್ಯಾಯನೊಬ್ಬನು ಈ ತರಗತಿಗೆ ಹೋದನೆಂದು ಇಟ್ಟುಕೊಳ್ಳಬಹುದು. ಭೂತಕಾಲದ ಪಾಠಕ್ಕೆ ಇನ್ನೂ ತಿಂಗಳುಗಳಿವೆ. ಅವನು 'ನಾನು ಉಪಾಧ್ಯಾಯ' ಎನ್ನುತ್ತಾನೆ. ನಮ್ಮ ಹಳ್ಳಿಗಳಲ್ಲಿ ಅದು ಸತ್ಯವೇ. ಒಮ್ಮೆ ಮೇಷ್ಟ್ರಾದವರು ಚಿತೆಯೇರುವವರೆಗೂ ಮೇಷ್ಟ್ರೇ. ಪಿಂಚಣಿಯ ಕಾಗದದಲ್ಲಿ ಮಾತ್ರ ಅದು ಸತ್ಯವಲ್ಲ. ಭಾಷೆ ಕಲಿಯುವ ಮುದುಕನು ಈ ಎರಡು ಸತ್ಯಗಳಲ್ಲಿ ಯಾವುದನ್ನು ಹೇಳಿದನೆಂದು ಯಾರು ವಿಚಾರಿಸುತ್ತಾರೆ?

ಇನ್ನೊಂದು ಮಾತು. ಇಂಗ್ಲಿಷಿನವರು 'ನಾನು' ಎಂಬುದನ್ನು ಎಲ್ಲಿ ಬಂದರೂ ದೊಡ್ಡಕ್ಷರದಲ್ಲಿ ಬರೆಯುವರು. ಫ್ರೆಂಚಿನ 'ಜ' ಚಿಕ್ಕಕ್ಷರದ್ದು. ಅದೂ ತನ್ನ ಮುಂದೆ ಸ್ವರವೊಂದು ಬಂದರೆ ತನ್ನ ಸ್ವರವನ್ನು ಬಿಟ್ಟುಕೊಟ್ಟು ಅದರಲ್ಲಿ ಅಡಗಿಬಿಡುತ್ತದೆ. ನಮ್ಮ ವೈಯಾಕರಣರು ಇದನ್ನು ಲೋಪಸಂಧಿಯೆಂದು ಕರೆದಾರು. 'ನಾನು ವಾಸಿಸುತ್ತೇನೆ', 'ನಾನು ಪ್ರೀತಿಸುತ್ತೇನೆ' ಎಂಬಲ್ಲೆಲ್ಲ ಅಹಂಕಾರವು ಅರ್ಧ ವ್ಯಂಜನವಾಗಿ ಉಳಿಯುತ್ತದೆ. ಒಂಟಿಯಾಗಿ ನಿಲ್ಲುವ ಶಕ್ತಿಯೂ ಅದಕ್ಕಿಲ್ಲ. ಬಾಗಿಲು ತಟ್ಟಿದವನನ್ನು ಯಾರೆಂದು ಕೇಳಿದರೆ ಅವನು 'ಜ' ಎನ್ನಲಾರ, 'ಮ್ವಾ' ಎಂಬ ಬೇರೊಂದು ಪದವನ್ನು ತರಬೇಕು. ಇದಕ್ಕಿಂತ ವಿಚಿತ್ರವಾದುದು 'ಜ ಸ್ವಿ' ಎಂಬ ಪದದ್ವಯ. 'ನಾನು ಆಗಿದ್ದೇನೆ' ಎಂಬುದಕ್ಕೂ 'ನಾನು ಅನುಸರಿಸುತ್ತೇನೆ' ಎಂಬುದಕ್ಕೂ ಫ್ರೆಂಚಿನಲ್ಲಿ ಬರವಣಿಗೆಯೂ ಒಂದೇ, ಉಚ್ಚಾರಣೆಯೂ ಒಂದೇ. ಧಾತುಗಳು ಬೇರೆ, ರೂಪವು ಒಂದಾಗಿ ಬಂದಿದೆ. ಪಾಠಪುಸ್ತಕದ ವಾಕ್ಯವನ್ನು ಹಿಡಿದು ತನ್ನನ್ನು ವರ್ಣಿಸಿಕೊಳ್ಳುವವನ ಬಾಯಲ್ಲಿ ಆ ಮಾತು ಯಾವ ಅರ್ಥದಲ್ಲಿ ಬಂದಿತೆಂದು ಕೆಲವು ವೇಳೆ ಅವನೇ ಹೇಳಲಾರನು.

ಆ ಭಾಷೆಯಲ್ಲಿ ತನ್ನನ್ನು ಎಲ್ಲರಿಗಿಂತ ಕೂಲಂಕಷವಾಗಿ ವರ್ಣಿಸಿಕೊಂಡವನು ಮೊಂಟೇನನು. 1580ರಲ್ಲಿ ತನ್ನ ಪ್ರಬಂಧಗಳನ್ನು ಮೊದಲು ಪ್ರಕಟಿಸಿದಾಗ, ಈ ಪುಸ್ತಕದ ವಸ್ತುವು ತಾನೇ ಎಂದು ಅವನು ಓದುಗರಿಗೆ ಮುಂಚಿತವಾಗಿಯೇ ತಿಳಿಸಿದನು. 1592ರಲ್ಲಿ ಸಾಯುವವರೆಗೂ ಅದೇ ಪುಸ್ತಕಕ್ಕೆ ಸೇರಿಸುತ್ತ ತಿದ್ದುತ್ತ ಇದ್ದನು. ಇಂತಹ ಮೊಂಟೇನನೇ ಫ್ರೆಂಚಿಗೆ ಹೊಸಬನಾಗಿದ್ದನೆಂಬುದು ಅನೇಕರಿಗೆ ತಿಳಿಯದು. ಅವನ ತಂದೆಯು ಮಗು ತೊದಲುವ ಮೊದಲೇ ಫ್ರೆಂಚು ಬಾರದ ಜರ್ಮನ್ ಪಂಡಿತನೊಬ್ಬನನ್ನು ನೇಮಿಸಿ, ಮಗುವಿನೊಡನೆ ಲ್ಯಾಟಿನ್ನನ್ನು ಬಿಟ್ಟು ಬೇರೆ ಮಾತನ್ನಾಡಬಾರದೆಂದು ಕಟ್ಟುಮಾಡಿದ್ದನು. ತಾಯಿಯೂ ಆಳುಗಳೂ ಮಗುವಿನೊಡನೆ ಆಡುವುದಕ್ಕೆ ಬೇಕಾದಷ್ಟು ಲ್ಯಾಟಿನ್ ಮಾತುಗಳನ್ನು ಕಲಿತರಂತೆ. ನಮ್ಮಲ್ಲಿ ಒಬ್ಬ ದೀಕ್ಷಿತರು ಮನೆಯ ಹಸುಕಾಯುವವನಿಗೂ ಸಂಸ್ಕೃತವನ್ನು ಕಲಿಸಿ ಮಗನನ್ನು ಸಾಕಿದಂತೆ. ಆರು ವರ್ಷ ಮೀರುವವರೆಗೂ ಆ ಬಾಲಕನಿಗೆ ಸುತ್ತಲಿನವರ ಮಾತೇ ಪರಭಾಷೆಯಾಗಿದ್ದಿತು. ಲ್ಯಾಟಿನ್ನನ್ನು ಹಾಲಿನೊಡನೆ ಕುಡಿದವನು ತನ್ನನ್ನು ಕುರಿತು ಬರೆಯಲು ಹೊರಟಾಗ ಎರಡನೆಯದಾಗಿ ಬಂದ ಭಾಷೆಯನ್ನೇ ಆರಿಸಿಕೊಂಡನು. ಡೆಕಾರ್ತನೂ ಪಂಡಿತರ ಲ್ಯಾಟಿನ್ನನ್ನು ಬಿಟ್ಟು ಫ್ರೆಂಚಿನಲ್ಲಿ ತನ್ನ 'ವಿಧಾನ'ವನ್ನು ಬರೆದು 1637ರಲ್ಲಿ ಲೈಡನ್ನಿನಲ್ಲಿ ಅಚ್ಚುಹಾಕಿಸಿದನು. ಚಿಂತಿಸುವುದರಿಂದಲೇ ತನ್ನ ಇರವು ಸಿದ್ಧವಾಯಿತೆಂಬ ಅವನ ತೀರ್ಮಾನವು, ಮೂರು ವಾರ ಫ್ರೆಂಚು ಕಲಿತವನಿಗೂ ತಿಳಿಯುವಷ್ಟು ಚಿಕ್ಕ ಮಾತುಗಳಲ್ಲಿದೆ. 'ನಾನು' ಎಂಬುದನ್ನು ಅಷ್ಟು ಗಟ್ಟಿಯಾಗಿ ನಿಲ್ಲಿಸಿದ ಆ ಗ್ರಂಥದ ಮುಖಪುಟದ ಮೇಲೆ ಗ್ರಂಥಕರ್ತನ ಹೆಸರು ಇರಲಿಲ್ಲ. ಮಾತು ಕಡಿಮೆಯಾದ ಮಾತ್ರಕ್ಕೆ ಸತ್ಯವು ಕಡಿಮೆಯಾಗುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಹೊಸಬನು ತನ್ನ ಪರಿಚಯವನ್ನು ಬಾಯಿಪಾಠದಿಂದ ಒಪ್ಪಿಸುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಉಪನಯನವಾದ ಎಂಟು ವರ್ಷದ ವಟುವಿಗೆ ಮೊದಲು ಕಲಿಸುವುದರಲ್ಲಿ ಅಭಿವಾದನವೂ ಒಂದಷ್ಟೆ. ಕಿವಿಗಳನ್ನು ಮುಟ್ಟಿಕೊಂಡು, ಪ್ರವರದ ಋಷಿಗಳನ್ನೂ ಗೋತ್ರವನ್ನೂ ಸೂತ್ರವನ್ನೂ ಶಾಖೆಯನ್ನೂ ಹೇಳಿ, ಎಲ್ಲಕ್ಕೂ ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ ಬಾಗುತ್ತಾನೆ. ಅವನಿಗೆ ಆ ಭಾಷೆಯು ತಿಳಿಯದು. ಆ ಋಷಿಗಳು ಯಾರೆಂಬುದೂ ತಿಳಿಯದು. ಅವನೂ ಪರಭಾಷೆಯ ಮೊದಲನೆಯ ಪಾಠದಲ್ಲಿಯೇ ಇದ್ದಾನೆ. ಭೇದವಿರುವುದು ಕೇಳುವ ವಿಷಯಗಳಲ್ಲಿ. ಅಭಿವಾದನವು ನೀನು ಯಾರ ಸಂತತಿಯೆಂದು ಕೇಳುತ್ತದೆ, ಇಷ್ಟವೇನೆಂದು ಕೇಳುವುದಿಲ್ಲ. 1905ರಲ್ಲಿ ಕಾನೂನಿನಿಂದ ರಾಜ್ಯವನ್ನೂ ಚರ್ಚನ್ನೂ ಬೇರ್ಪಡಿಸಿದ ದೇಶದ ಪಾಠಪುಸ್ತಕವು ಕುಲವನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಕಾಫಿ ಇಷ್ಟವೇ, ಸಂಗೀತ ಇಷ್ಟವೇ, ಈಜುವುದು ಇಷ್ಟವೇ ಎಂದು ಪಟ್ಟುಹಿಡಿದು ಕೇಳುತ್ತದೆ. ಆ ಬೆಂಗಳೂರಿನ ತಾಯಿಯು ಈ ಪ್ರಶ್ನೆಯ ಮುಂದೆ ನಿಜವಾಗಿ ತಡವರಿಸಿದಳು. ಪದವು ಬಾರದೆ ತಡವರಿಸಿದುದಲ್ಲ. ಮೂವತ್ತೈದು ವರ್ಷಗಳಿಂದ ಮನೆಯವರೆಲ್ಲರಿಗೂ ಯಾವ ಸಾರು ಇಷ್ಟ, ಯಾವ ಪಲ್ಯ ಸೇರದು ಎಂಬುದು ಆಕೆಗೆ ಕಂಠಪಾಠವಾಗಿದ್ದಿತು. ನಿನಗೇನು ಇಷ್ಟವೆಂದು ಕನ್ನಡದಲ್ಲಿ ಯಾರೂ ಕೇಳಿರಲಿಲ್ಲ. ಪರಭಾಷೆಯು ಮನುಷ್ಯನನ್ನು ಬಡವನನ್ನಾಗಿ ಮಾಡುವುದೆಂದು ಹೇಳುವವರು ಈ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಭಿವಾದನದ ಪ್ರಸಂಗ ಬಂದುದರಿಂದ ಛಾಂದೋಗ್ಯದ ಸತ್ಯಕಾಮನನ್ನು ನೆನೆಯದೆ ಮುಂದೆ ಹೋಗಲಾಗದು. ಬ್ರಹ್ಮಚರ್ಯಕ್ಕೆ ಹೊರಟ ಆ ಬಾಲಕನು ಗುರುವು ಗೋತ್ರವನ್ನು ಕೇಳುವನೆಂದು ಬಲ್ಲವನಾಗಿ ತಾಯಿಯನ್ನು ವಿಚಾರಿಸಿದನು. ಯೌವನದಲ್ಲಿ ಹಲವು ಕಡೆ ಪರಿಚಾರಿಕೆಯಾಗಿ ತಿರುಗಿದ ತನಗೆ ಅದು ತಿಳಿಯದೆಂದೂ, ತನ್ನ ಹೆಸರು ಜಬಾಲೆಯಾದುದರಿಂದ ಸತ್ಯಕಾಮ ಜಾಬಾಲನೆಂದೇ ಹೇಳಿಕೊಳ್ಳಬೇಕೆಂದೂ ಆಕೆಯು ತಿಳಿಸಿದಳು. ಗೌತಮನ ಎದುರಿಗೆ ಹುಡುಗನು ಅಷ್ಟನ್ನೂ ಹಾಗೆಯೇ ಹೇಳಿದನು. ಗುರುವು ಅವನನ್ನು ಮೆಚ್ಚಿ ಸಮಿತ್ತನ್ನು ತರಹೇಳಿದನೆಂಬುದು ಎಲ್ಲರೂ ಬಲ್ಲ ಕಥೆ. ಇಲ್ಲಿ ಗಮನಿಸತಕ್ಕ ಅಂಶವು ಬೇರೆ. ಗುರುವು ಕೇಳಿದ ಪ್ರಶ್ನೆಯಲ್ಲಿ ಒಂದು ಖಾಲಿಯ ಸ್ಥಳವಿದ್ದಿತು; ಅದನ್ನು ತುಂಬುವುದಕ್ಕೆ ಸಿದ್ಧವಾದ ಮಾತುಗಳು ಲೋಕದಲ್ಲಿ ಎಷ್ಟೋ ಇದ್ದುವು. ಕಾಶ್ಯಪನೆಂದಿದ್ದರೂ ಆಗುತ್ತಿದ್ದಿತು, ಭಾರದ್ವಾಜನೆಂದಿದ್ದರೂ ಆಗುತ್ತಿದ್ದಿತು, ಪರೀಕ್ಷಿಸಿ ನೋಡುವವರಿರಲಿಲ್ಲ. ಹುಡುಗನು ಆ ಸ್ಥಳವನ್ನು ತುಂಬದೆ, ತನ್ನಲ್ಲಿದ್ದ ಎರಡೇ ಹೆಸರುಗಳನ್ನು ಜೋಡಿಸಿ ಹೊಸದೊಂದು ವಾಕ್ಯವನ್ನು ಮಾಡಿಕೊಂಡನು.

ಈಗ ಪೂರ್ವಪಕ್ಷವನ್ನು ಕೇಳಬೇಕು. ಭಾಷೆಯ ತರಗತಿಯು ಗೌತಮನ ಆಶ್ರಮವಲ್ಲ, ಅದು ಅಭ್ಯಾಸದ ಕಣ. ಗರಡಿಯಲ್ಲಿ ಹೊಡೆದವನು ಶತ್ರುವೂ ಅಲ್ಲ, ಬಿದ್ದವನು ಸೋತವನೂ ಅಲ್ಲ. ಫ್ರೆಂಚು ಸರ್ಕಾರವು 1985ರಲ್ಲಿ ಏರ್ಪಡಿಸಿದ ಡೆಲ್ಫ್ ಎಂಬ ಪರೀಕ್ಷೆಯ ಮೊದಲ ಮೆಟ್ಟಿಲಿನಲ್ಲಿ ನೂರು ಅಂಕಗಳಿಗೆ ಇಪ್ಪತ್ತೈದು ಮಾತಿಗೆ ಮೀಸಲು; ಆ ಮಾತು ಪರೀಕ್ಷಕನೆದುರು ಸ್ವಪರಿಚಯದಿಂದಲೇ ಮೊದಲಾಗುತ್ತದೆ. ಅಭ್ಯರ್ಥಿಗೆ ನಿಜವಾಗಿ ಇಬ್ಬರು ತಮ್ಮಂದಿರಿದ್ದಾರೆಯೇ ಎಂದು ಪರೀಕ್ಷಕನು ವಿಚಾರಿಸುವುದಿಲ್ಲ. 'ಇಬ್ಬರು ತಮ್ಮಂದಿರು' ಎಂಬುದನ್ನು ತಪ್ಪಿಲ್ಲದೆ ಹೇಳಿದನೇ ಎಂದು ನೋಡುತ್ತಾನೆ. ಕೇಳುವವನು ಸತ್ಯವೆಂದು ಕೇಳುತ್ತಿಲ್ಲ, ಹೇಳುವವನು ನಂಬಿಸಬೇಕೆಂದು ಹೇಳುತ್ತಿಲ್ಲ. ವಂಚನೆಯೇ ಇಲ್ಲದಲ್ಲಿ ಅಸತ್ಯದೋಷವೆಲ್ಲಿ? ಕವಿಗಳೂ ನಟರೂ ಇದೇ ನ್ಯಾಯದಿಂದ ದೋಷಮುಕ್ತರು. ಕಲ್ಕತ್ತೆಯ ತೋರು ದತ್ತಳನ್ನು ಉದಾಹರಿಸಬಹುದು. 1856ರಲ್ಲಿ ಹುಟ್ಟಿ 1869ರಲ್ಲಿ ತಂದೆತಾಯಿಗಳೊಡನೆ ಯೂರೋಪಿಗೆ ಹೋದ ಆಕೆಯು ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಕೆಲವು ತಿಂಗಳು ಶಾಲೆಯಲ್ಲಿ ಓದಿದಳು. 1877ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಅಣ್ಣನನ್ನೂ ಅಕ್ಕನನ್ನೂ ಅದಕ್ಕೆ ಮೊದಲೇ ಕಳೆದುಕೊಂಡಿದ್ದಳು. 1879ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಆಕೆಯ ಫ್ರೆಂಚು ಕಾದಂಬರಿಯು ಫ್ರೆಂಚು ಕನ್ಯೆಯೊಬ್ಬಳ ದಿನಚರಿಯ ರೂಪದಲ್ಲಿದೆ; ಅದರ 'ಜ' ಎಂಬುದು ತೋರು ದತ್ತಳಲ್ಲ. ಆಕೆಯನ್ನು ಸುಳ್ಳುಗಾತಿಯೆಂದು ಯಾರು ಕರೆದಾರು?

ಈ ವಾದವು ದುರ್ಬಲವಾದುದಲ್ಲ. ಪುಸ್ತಕದ ಹೆಸರನ್ನು ಇಟ್ಟುಕೊಂಡು, ಪುಸ್ತಕದ ಬೀದಿಯಲ್ಲಿ ವಾಸಿಸುತ್ತ, ಇಲ್ಲದ ಬೆಕ್ಕನ್ನು ಸಾಕುತ್ತ ಹುಡುಗರು ಸಂಭಾಷಣೆಯನ್ನಾಡಿದರೆ ಅದರಲ್ಲಿ ಯಾವ ಪಾಪವೂ ಇಲ್ಲ. ಶಾಸ್ತ್ರಗಳಲ್ಲಿಯೂ ದೇವದತ್ತ ಯಜ್ಞದತ್ತರು ಉದಾಹರಣೆಗಾಗಿ ಎಷ್ಟೋ ಸಲ ಅಡಿಗೆ ಮಾಡಿದ್ದಾರೆ, ಊರಿಗೆ ಹೋಗಿದ್ದಾರೆ. ಆದರೆ ತೋರು ದತ್ತಳ ವಿಷಯದಲ್ಲಿ ಒಂದು ಒಪ್ಪಂದವಿತ್ತು: ಇದು ಕಲ್ಪನೆಯೆಂದು ಬರೆದವಳಿಗೂ ತಿಳಿದಿತ್ತು, ಓದುವವನಿಗೂ ತಿಳಿಯುತ್ತದೆ. ಆ ತಾಯಿಯನ್ನು ಕೇಳಿದುದು 'ನಿಮ್ಮ ವಿಷಯವನ್ನು ಹೇಳಿರಿ' ಎಂದು. ಒಪ್ಪಂದವು ಗುರುವಿನ ಮನಸ್ಸಿನಲ್ಲಿ ಇದ್ದಿರಬಹುದು. ಆಕೆಯ ಮನಸ್ಸಿನಲ್ಲಿ ಇರಲಿಲ್ಲ. 'ಜ ಸ್ವಿ' ಎಂದಾಗ ಆಕೆಯು ತನ್ನನ್ನೇ ಕುರಿತು ಹೇಳಹೊರಟಿದ್ದಳು. ಅರ್ಧ ದಾರಿಯಲ್ಲಿ ಪದ ಸಿಕ್ಕದೆ ಪಕ್ಕದ ಮನೆಯ ಪದವನ್ನು ಹೊಕ್ಕಳು. ಊಟ ಸೇರದಿದ್ದುದು ಅದರಿಂದಲೇ.

ಇದಕ್ಕೆ ಇನ್ನೊಂದು ಸಮಾಧಾನವನ್ನು ಹೇಳುವವರುಂಟು: 'ಆಕೆಯು ಮದುವೆಯಾದುದು ನಿಜವಷ್ಟೆ, ಮಾತು ಅಪೂರ್ಣವಾದರೂ ಸುಳ್ಳಲ್ಲ.' ಧರ್ಮರಾಯನೂ ಹೀಗೆಯೇ ಸಮಾಧಾನ ಮಾಡಿಕೊಂಡಿದ್ದನು. ಅಶ್ವತ್ಥಾಮನೆಂಬ ಆನೆ ಸತ್ತುದು ನಿಜ, ಆಡಿದ ಶಬ್ದವೂ ನಿಜ. ಆದರೆ ದ್ರೋಣನ ಕಿವಿಗೆ ಬಿದ್ದ ಅರ್ಥವು ಸುಳ್ಳು, ರಥವು ನೆಲಕ್ಕಿಳಿಯಿತು. ಇಲ್ಲಿ ದ್ರೋಣನಂತೆ ಮೋಸಹೋದವರು ಯಾರೂ ಇಲ್ಲದಿರುವುದು ಒಂದು ವ್ಯತ್ಯಾಸ, ಅದು ಸಣ್ಣದಲ್ಲ. ಆದರೂ ಹೇಳದೆ ಬಿಡುವುದಕ್ಕೂ ಬದಲಿಗೆ ಇನ್ನೊಂದನ್ನು ಇಡುವುದಕ್ಕೂ ಅಂತರವಿದೆ. ತರಗತಿಯಲ್ಲಿ ತನ್ನ ದುಃಖವನ್ನೆಲ್ಲ ತೋಡಿಕೊಳ್ಳಬೇಕೆಂದು ಯಾವ ಧರ್ಮಶಾಸ್ತ್ರವೂ ವಿಧಿಸುವುದಿಲ್ಲ. ಆಕೆಯು ಆ ಸಾಲನ್ನು ಹಾರಿಸಿ ಊರಿನ ವಿಷಯಕ್ಕೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೌನಕ್ಕೆ ಯಾವ ವ್ಯಾಕರಣವೂ ಬೇಡ. ಪದದ ಬಡತನವು ಮೌನಕ್ಕೆ ಸರಿಯಾದ ಕಾರಣ. ಬದಲಿಪದಕ್ಕೆ ಅದು ಕಾರಣವಾದೀತೇ ಎಂಬುದೇ ಇಲ್ಲಿರುವ ಪ್ರಶ್ನೆ.

ಹಾಗಾದರೆ ಸರಿಯಾದ ಪದವು ಯಾವುದು? ಗುರುವನ್ನು ಕೇಳಿದ್ದರೆ ಅವನು 'ವೆವ್' ಎಂಬ ಪದವನ್ನು ಕೊಡುತ್ತಿದ್ದನು, ಗಂಡಸಾದರೆ 'ವೆಫ್'. ಮದುವೆಯಾದವನೆಂಬುದಕ್ಕೂ ಮದುವೆಯಾದವಳೆಂಬುದಕ್ಕೂ ಫ್ರೆಂಚಿನಲ್ಲಿ ಬರವಣಿಗೆ ಬೇರೆಯಾದರೂ ಧ್ವನಿ ಒಂದೇ. ಸಂಗಾತಿಯನ್ನು ಕಳೆದುಕೊಂಡ ಮೇಲೆ ಮಾತ್ರ ಕಿವಿಗೂ ಭೇದವು ಕೇಳಿಸುತ್ತದೆ. ಆದರೆ ಆ ಪದದಿಂದ ಆಕೆಗೆ ಸಮಾಧಾನವಾಗುತ್ತಿದ್ದಿತೆಂದು ಹೇಳಲಾಗದು. ಕನ್ನಡದ ಮನೆಯಲ್ಲಿ ಹೆಂಗಸೊಬ್ಬಳು 'ನಾನು ವಿಧವೆ' ಎಂದು ತನ್ನ ಪರಿಚಯವನ್ನು ಹೇಳಿಕೊಳ್ಳುವುದಿಲ್ಲ. ಆ ಶಬ್ದವನ್ನು ಒಂದು ಕಾಲಕ್ಕೆ ಕಲ್ಲಿನಂತೆ ಎಸೆಯುತ್ತಿದ್ದರು. ಇಂದಿಗೂ ಅದು ಅರ್ಜಿಯ ಕಾಗದದಲ್ಲಿ ಇರತಕ್ಕುದೇ ಹೊರತು ಬಾಯಲ್ಲಿ ಇರತಕ್ಕುದಲ್ಲ. 'ನಮ್ಮ ಯಜಮಾನರು ಹೋಗಿ ಮೂರು ವರ್ಷವಾಯಿತು' ಎನ್ನುತ್ತಾಳೆ. ವಾಕ್ಯದ ಕರ್ತೃ ಆಕೆಯಲ್ಲ, ಆತನು. ಕಳೆದುಹೋದುದು ತನ್ನ ಗುಣವೆಂದು ಆಕೆಯು ಹೇಳುವುದಿಲ್ಲ; ಒಬ್ಬರು ಇದ್ದರು, ಹೋದರು ಎನ್ನುತ್ತಾಳೆ. ಪುಸ್ತಕದ ಪಟ್ಟಿಯಲ್ಲಿ ಇನ್ನೊಂದು ಪದವನ್ನು ಸೇರಿಸಿದರೆ ಈ ಕೊರತೆಯು ತೀರುವುದಿಲ್ಲ. ಏಕೆಂದರೆ ಪಟ್ಟಿಯೆಲ್ಲವೂ 'ನಾನು ಆಗಿದ್ದೇನೆ' ಎಂಬುದರ ಕೆಳಗೇ ಇದೆ.

ಆದರೆ ಆಕೆಗೆ ಬೇಕಾದ ವಾಕ್ಯವು ಅಷ್ಟು ದೂರದಲ್ಲಿಯೂ ಇರಲಿಲ್ಲವೆಂಬುದೇ ಆಶ್ಚರ್ಯ. ಫ್ರೆಂಚಿನಲ್ಲಿ 'ಗಂಡ' ಎಂಬ ಪದವು ಮೊದಲ ಪಾಠಗಳಲ್ಲಿಯೇ ಬರುತ್ತದೆ. 'ಆಗಿದ್ದಾನೆ' ಎಂಬ ಕ್ರಿಯೆಯೂ ಬರುತ್ತದೆ. 'ಮೋರ್', ಎಂದರೆ ಸತ್ತ, ಎಂಬ ಒಂದೇ ಮಾತು ಬೇಕು. 'ಮೋಂ ಮರಿ ಎ ಮೋರ್': ನನ್ನ ಯಜಮಾನರು ತೀರಿಕೊಂಡಿದ್ದಾರೆ. ಭೂತಕಾಲದ ಪಾಠಕ್ಕಾಗಿ ಕಾಯಬೇಕಾದುದಿಲ್ಲ. ಹುಟ್ಟುವುದು, ಸಾಯುವುದು, ಬರುವುದು, ಹೊರಡುವುದು ಎಂಬ ಧಾತುಗಳು ಆ ಭಾಷೆಯಲ್ಲಿ ಭೂತಕಾಲದಲ್ಲಿಯೂ 'ಇರು' ಧಾತುವಿನ ವರ್ತಮಾನರೂಪವನ್ನೇ ಹಿಡಿದು ನಡೆಯುತ್ತವೆ. ಕನ್ನಡವು ಮಾಡುವುದೂ ಇದನ್ನೇ. 'ತೀರಿಕೊಂಡಿದ್ದಾರೆ' ಎಂಬ ಮಾತಿನ ಬಾಲದಲ್ಲಿ 'ಇದ್ದಾರೆ' ಎಂಬುದು ಇದ್ದೇ ಇದೆ. ನಿತ್ಯವೂ ಆಡುವ ನಮಗೆ ಅದು ಕೇಳಿಸುವುದಿಲ್ಲ.

ತಾಯ್ನುಡಿಯ ಗುಣವೂ ದೋಷವೂ ಇದೇ. ಅದರಲ್ಲಿ ಮಾತು ತಾನಾಗಿ ಹರಿಯುವುದರಿಂದ ಏನು ಹೇಳಿದೆವೆಂಬುದು ನಮಗೇ ತಿಳಿಯದು. 'ಏನೋ ತಮ್ಮ ದಯೆ, ಹೀಗಿದ್ದೇವೆ' ಎನ್ನುವ ಕನ್ನಡಿಗನು ಸತ್ಯವನ್ನು ಹೇಳಿದನೋ, ಮುಚ್ಚಿ ಹೇಳಿದನೋ, ಸುಮ್ಮನೆ ಬಾಗಿಲನ್ನು ಓರೆಮಾಡಿದನೋ ಹೇಳಲಾಗುವುದಿಲ್ಲ. ಮೂವತ್ತು ವರ್ಷ ಆ ಮಾತಿನ ಹಿಂದೆ ಅಡಗಿಕೊಂಡು ಬದುಕಿದವರಿದ್ದಾರೆ. ಪರಭಾಷೆಯ ಹೊಸಬನಿಗೆ ಇಂತಹ ಪರದೆಗಳಿಲ್ಲ. ವಿನಯವನ್ನು ತೋರಿಸಲು ಬೇಕಾದ ಅವ್ಯಯಗಳಿಲ್ಲ, ಜಂಭವನ್ನು ಕೊಚ್ಚಲು ಬೇಕಾದ ವಿಶೇಷಣಗಳಿಲ್ಲ. ಒಂದೊಂದು ಪದವನ್ನೂ ಕೈಯಿಂದ ಎತ್ತಿ ಇಡಬೇಕು. ಎತ್ತುವಾಗ ಅದರ ಭಾರವು ತಿಳಿಯುತ್ತದೆ. ಆ ತಾಯಿಯು ಕನ್ನಡದಲ್ಲಿ ಇಂತಹ ನೂರು ಅರೆಮಾತುಗಳನ್ನು ಆಡಿ ನೆಮ್ಮದಿಯಾಗಿ ನಿದ್ರೆ ಮಾಡಿದ್ದಿರಬೇಕು. ಮೂರು ಪದಗಳ ಫ್ರೆಂಚು ವಾಕ್ಯವು ಆಕೆಯನ್ನು ಎಬ್ಬಿಸಿ ಕೂರಿಸಿತು.

ಮುಂದಿನ ಪಾಠದ ದಿನ ಆಕೆಯು ಬೇಗನೆ ಹೋಗಿ, ಹುಡುಗರು ಬರುವ ಮೊದಲೇ ಗುರುವನ್ನು ಕಂಡು, ಸತ್ತವರನ್ನು ಹೇಗೆ ಹೇಳಬೇಕೆಂದು ಕೇಳಿ, ಆ ಒಂದು ಪದವನ್ನು ಪುಸ್ತಕದ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳೆಂದು ಇಟ್ಟುಕೊಳ್ಳಬಹುದು. ತರಗತಿಯಲ್ಲಿ ಅದನ್ನು ಹೇಳುವ ಸಂದರ್ಭವು ಮತ್ತೆ ಬರಲಿಲ್ಲ. ಪಾಠವು ದಿನಸಿಯ ಅಂಗಡಿಗೂ ರೈಲು ನಿಲ್ದಾಣಕ್ಕೂ ಹೋಗಿದ್ದಿತು. ಭಾನುವಾರ ಬಂದಿತು. ಪರದೆಯ ಮೇಲೆ ಮೊಮ್ಮಗನು ಅಜ್ಜಿಯ ಹಿಂದಿನ ಗೋಡೆಯನ್ನು ತೋರಿಸಿ, ಹಾರ ಹಾಕಿದ ಪಟದಲ್ಲಿರುವವರು ಯಾರೆಂದು ಕೇಳಿದನು. ಅಂಚಿನಲ್ಲಿ ಬರೆದುಕೊಂಡ ಪದವು ಆಕೆಯ ನಾಲಗೆಯ ತುದಿಯವರೆಗೆ ಬಂದಿದ್ದಿತು. ಆಕೆಯು ಪಟದ ಕಡೆಗೆ ತಿರುಗಿ ನೋಡಿ, ತಾನು ಕಲಿತಿದ್ದ ಒಂದೇ ಕಾಲದಲ್ಲಿ, ಮೊದಲ ವಾರದ ಮಾತುಗಳಲ್ಲಿಯೇ, ಇವರು ನಿನ್ನ ತಾತ ಎಂದಳು. ಇವರ ಹೆಸರೇನೆಂದು ಅವನು ಕೇಳಿದನು. ಆ ಹೆಸರನ್ನು ಆಕೆಯು ಕನ್ನಡದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ, ಫ್ರೆಂಚಿನಲ್ಲಿ ಹೇಳಿದಳು.